ಇಪ್ಪತ್ತೊಂದನೆಯ ಸಹಿ

ಪಕ್ಷದ ಕಚೇರಿಯ ಎರಡನೆಯ ಮಹಡಿಯಲ್ಲಿ ಶೌಚಾಲಯ ಒಂದೇ ಇತ್ತು. ಬೆಳಗಿನಿಂದ ಅವನು ಅದರೊಳಗೆ ಹೋಗಿ ಚಿಲಕ ಹಾಕಿಕೊಂಡದ್ದು ಇದು ನಾಲ್ಕನೆಯ ಸಲ. ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿನ ಮರೆಯಲ್ಲಿ ನಿಂತು ತನ್ನ ಬಲಗೈಯನ್ನು ನೋಡಿಕೊಂಡ. ಅದು ನಡುಗುತ್ತಿರಲಿಲ್ಲ. ಮಿಕ್ಕ ಮೈಯೆಲ್ಲ ಹೆದರಿತ್ತು, ಆದರೆ ಹತ್ತೊಂಬತ್ತು ವರ್ಷ ನೋಂದಣಿ ಕಚೇರಿಯ ಜಗುಲಿಯಲ್ಲಿ ಕೂತು ಕ್ರಯಪತ್ರ, ವಿಭಾಗಪತ್ರ ಬರೆದ ಕೈ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗಿತ್ತು. ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. “ಎಷ್ಟೊತ್ತು ಸ್ವಾಮಿ? ನಾಯಕರನ್ನ ಒಳಗೇ ಆರಿಸಿಬಿಡ್ತೀರಾ ಹೇಗೆ?” ಎಂದಿತು ಒಂದು ದನಿ. ಕಾರಿಡಾರಿನಲ್ಲಿ ನಗು ಎದ್ದಿತು. ಅವನೂ ನಕ್ಕ. ನಗದಿದ್ದರೆ ಅನುಮಾನ ಬಂದೀತೆಂದು, ಚಿಲಕ ಹಾಕಿದ ಬಾಗಿಲಿನ ಹಿಂದೆ ಒಬ್ಬನೇ ನಿಂತು ಹೊರಗೆ ಕೇಳುವಷ್ಟು ಗಟ್ಟಿಯಾಗಿ ನಕ್ಕ.

ಅವನ ಹೆದರಿಕೆಯ ಹಿಂದೆ ಇದ್ದದ್ದು ಒಂದನೇ ಕ್ಲಾಸಿನ ಕೂಡುವ ಲೆಕ್ಕ. ಚುನಾವಣೆಯಲ್ಲಿ ಪಕ್ಷದಿಂದ ಗೆದ್ದ ಶಾಸಕರು ನಲವತ್ತೊಂದು ಜನ. ಅವರಲ್ಲೊಬ್ಬರನ್ನು ಶಾಸಕಾಂಗ ಪಕ್ಷದ ನಾಯಕನೆಂದು ಆರಿಸಬೇಕು. ಹಾಗೆ ಆರಿಸಿಬಂದವನೇ ಸರ್ಕಾರ ನಡೆಸುವವನು. ಹದಿನೈದು ವರ್ಷದಿಂದ ಪಕ್ಷವನ್ನು ಅಂಗೈಯಲ್ಲಿಟ್ಟುಕೊಂಡಿದ್ದ ಯಜಮಾನರು ಒಂದು ಕಡೆ, ಅವರ ನೆರಳಿನಲ್ಲೇ ಬೆಳೆದು ಈಗ ಅವರಿಗೇ ತಿರುಗಿಬಿದ್ದ ಲಾಯರು ಇನ್ನೊಂದು ಕಡೆ. ಇಬ್ಬರೂ ತಂತಮ್ಮ ಬೆಂಬಲಿಗರ ಸಹಿ ಇರುವ ಪಟ್ಟಿಯನ್ನು ಅಂಟಿಸಿದ ಲಕೋಟೆಯಲ್ಲಿ ಕೇಂದ್ರ ಕಚೇರಿಗೆ ಕಳಿಸಿದ್ದರು. ನಿನ್ನೆ ಪತ್ರಿಕೆಯವರು ಕೇಳಿದಾಗ ಯಜಮಾನರು ಇಪ್ಪತ್ತೊಂದು ಎಂದರು. ಅರ್ಧ ಗಂಟೆ ಬಿಟ್ಟು ಲಾಯರೂ ಇಪ್ಪತ್ತೊಂದು ಎಂದರು. ಕೂಡಿದರೆ ನಲವತ್ತೆರಡು. ಅಂದರೆ ಯಾರೋ ಒಬ್ಬ ಎರಡೂ ಪಟ್ಟಿಗೆ ಸಹಿ ಹಾಕಿದ್ದಾನೆ. ಆ ಒಬ್ಬ ಯಾರೆಂದು ಊಹಿಸುವುದು ನಿನ್ನೆಯಿಂದ ಎಲ್ಲರಿಗೂ ಒಂದು ಆಟವಾಗಿಬಿಟ್ಟಿತ್ತು. ಅವನೂ ಆ ಆಟ ಆಡಿದ್ದ. ಹಿಂದಿನ ಬೆಂಚಿನ ಇಬ್ಬರು ಬಡಪಾಯಿಗಳ ಹೆಸರು ಹೇಳಿ, ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡಿದ್ದ.

ಬಾಗಿಲು ತೆಗೆದು ಹೊರಗೆ ಬಂದರೆ ಎದುರಿಗೇ ಭಾವ, ಕೈಯಲ್ಲಿ ಎರಡು ಲೋಟ ಚಹಾ. ಪಕ್ಕದ ಕ್ಷೇತ್ರದ ಶಾಸಕ, ತಂಗಿಯ ಗಂಡ, ಅದಕ್ಕೂ ಮುಂಚೆ ಆರನೇ ತರಗತಿಯಿಂದ ಒಂದೇ ಬೆಂಚಿನವನು. ರಾಜಕೀಯಕ್ಕೆ ಬರುವ ಮೊದಲು ದನದ ಡಾಕ್ಟರಾಗಿದ್ದವನು, ಪಕ್ಷದಲ್ಲಿ ಈಗಲೂ ಎಲ್ಲರಿಗೂ ‘ಡಾಕ್ಟ್ರು’. ನಾಲ್ಕು ಜನರ ಎದುರು ಇಬ್ಬರೂ ‘ಭಾವ, ಬನ್ನಿ’ ಎಂದು ಬಹುವಚನದಲ್ಲಿ ಮಾತಾಡುತ್ತಿದ್ದರು, ಯಾರೂ ಇಲ್ಲದಾಗ ‘ಲೋ’ ಎನ್ನುತ್ತಿದ್ದರು. “ಹೊಟ್ಟೆ ಸರಿ ಇಲ್ವಾ?” ಎಂದ ಭಾವ, ಲೋಟ ಕೊಡುತ್ತ. “ರಾತ್ರಿ ಹೋಟೆಲಿಂದು ಏನೋ ಆಗಿಬರ್ಲಿಲ್ಲ,” ಎಂದ ಅವನು. ಭಾವ ಅವನ ಮುಖವನ್ನೇ ಒಂದು ಗಳಿಗೆ ನೋಡಿ, “ಹೆದರಬೇಡ್ರೀ. ಯಾವನೋ ಒಬ್ಬ ಯಜಮಾನರ ಕಡೆಯೋನೇ ಎರಡು ಕಡೆ ಹಾಕಿರ್ತಾನೆ. ನಮ್ಮ ಇಪ್ಪತ್ತೊಂದೂ ಗಟ್ಟಿ. ಕೊನೇ ಸಹಿ ನಿಮ್ಮದು, ಅದಕ್ಕಿಂತ ಗಟ್ಟಿ ಬೇಕಾ?” ಎಂದು ಬೆನ್ನಿನ ಮೇಲೆ ಅಂಗೈ ಇಟ್ಟ. ಆ ಅಂಗೈಯ ಬಿಸಿ ಅಂಗಿಯೊಳಕ್ಕೆ ಇಳಿಯಿತು.

ಯಜಮಾನರ ಪಟ್ಟಿಗೆ ಅವನು ಸಹಿ ಹಾಕಿದ್ದು ಭಾವನ ಪಟ್ಟಿಗೆ ಹಾಕುವುದಕ್ಕೂ ಎರಡು ದಿನ ಮೊದಲು, ಅವರ ಮನೆಯ ಮುಂಗೋಣೆಯಲ್ಲಿ, ನಿಂತುಕೊಂಡೇ. ಕೂರು ಎಂದು ಯಾರೂ ಹೇಳಿರಲಿಲ್ಲ. ಯಜಮಾನರು ಯಾರನ್ನೂ ಬೈಯುವವರಲ್ಲ, ದನಿ ಏರಿಸಿದ್ದನ್ನು ಕಂಡವರಿಲ್ಲ. ಅವರಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಅವರ ಕುಶಲ ಕೇಳುವುದನ್ನು ನಿಲ್ಲಿಸುತ್ತಿದ್ದರು, ಅಷ್ಟೆ. ಅವನಿಗಿಂತ ಮುಂಚೆ ಅವನ ಕ್ಷೇತ್ರದಲ್ಲಿ ಶಾಸಕನಾಗಿದ್ದ ಹಿಟ್ಟಿನ ಗಿರಣಿಯವನ ಕುಶಲವನ್ನು ಅವರು ಒಂದು ಬೇಸಿಗೆಯಿಂದ ಕೇಳಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಅವನಿಗೆ ಟಿಕೆಟ್ ಇರಲಿಲ್ಲ, ಗಿರಣಿಗೆ ಲೈಸೆನ್ಸ್ ಇರಲಿಲ್ಲ, ಬೀದಿಯಲ್ಲಿ ಎದುರಾದವರು ಚಪ್ಪಲಿಯ ಬಾರು ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತಿದ್ದರು. ಆ ಟಿಕೆಟನ್ನೇ ಯಜಮಾನರು ಜಗುಲಿಯ ಮೇಲೆ ಕೂತಿದ್ದ ಪತ್ರ ಬರಹಗಾರನಾದ ಇವನನ್ನು ಕರೆದು ಕೊಟ್ಟದ್ದು. ಅಂದಿನಿಂದ ಅವನು ಎಲ್ಲಿ ಹೋದರೂ ಗಿರಣಿಯವನ ಬೆಂಚಿನ ಮೇಲೆ, ಗಿರಣಿಯವನ ಕುರ್ಚಿಯ ಮೇಲೆ ಕೂತ ಹಾಗೇ ಅನಿಸುತ್ತಿತ್ತು. ಎದ್ದರೆ ತನ್ನ ಜಾಗವೂ ಇನ್ನೂ ಬೆಚ್ಚಗೆ ಇರುವಾಗಲೇ ಮತ್ತೊಬ್ಬ ಬಂದು ಕೂರುತ್ತಾನೆ. “ಹೇಗಿದ್ದೀರಿ ಬರಹಗಾರರೇ? ಮನೇಲಿ ಎಲ್ಲ ಕ್ಷೇಮವಾ?” ಎಂದು ಯಜಮಾನರು ಅಂದು ಕೇಳಿದ್ದರು. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಅವನಿಗೆ ಅಳು ಬರುವಷ್ಟು ಸಮಾಧಾನವಾಗಿ, ಮೇಲೆ ಏನು ಬರೆದಿದೆ ಎಂದೂ ಓದದೆ ಸಹಿ ಹಾಕಿದ್ದ. ಜನ್ಮದಲ್ಲಿ ಅವನು ಓದದೆ ಸಹಿ ಹಾಕಿದ ಕಾಗದ ಅದೊಂದೇ.

ಆಮೇಲೆ ಭಾನುವಾರ ತಂಗಿಯ ಮನೆಯ ಊಟ. ಬಟ್ಟಲ ಪಕ್ಕದಲ್ಲಿ ಭಾವ ಇನ್ನೊಂದು ಪಟ್ಟಿಯನ್ನು ಮಡಿಕೆ ಬಿಡಿಸಿ ಇಟ್ಟ. ಅದರಲ್ಲಿ ಇಪ್ಪತ್ತು ಸಹಿ ಇದ್ದವು. “ಯಜಮಾನರ ಕಡೆಯೋರು ನಿನ್ನ ಹತ್ರ ಬಂದಿದ್ರಾ?” ಎಂದು ಕೇಳಿದ. “ಇಲ್ಲಪ್ಪ,” ಎಂದ ಇವನು, ತುತ್ತು ನುಂಗುತ್ತ. “ಹಾಗಿದ್ರೆ ಹಾಕು. ಇಪ್ಪತ್ತೊಂದಾದ್ರೆ ಲಾಯರು ಗೆದ್ದಂಗೆ. ಎಷ್ಟು ದಿನ ಆ ಮುದುಕರ ಮನೇಲಿ ಕೈಕಟ್ಟಿಕೊಂಡು ನಿಲ್ತೀಯ?” ತಂಗಿ ಪಾತ್ರೆ ಹಿಡಿದು ಬಡಿಸುತ್ತ ನಿಂತಿದ್ದಳು. “ಹಾಕಣ್ಣ, ಇವ್ರು ಹದಿನೈದು ದಿನದಿಂದ ನಿದ್ದೆ ಮಾಡಿಲ್ಲ,” ಎಂದಳು. ಲಾಯರು ಗೆದ್ದೇಬಿಟ್ಟರೆ? ಗೆದ್ದ ಮೇಲೆ, ಇಪ್ಪತ್ತು ಜನ ಇದ್ದರು ಇವನೊಬ್ಬ ಬರಲಿಲ್ಲ ಎಂದು ನೆನಪಿಟ್ಟುಕೊಂಡರೆ? ಅವನು ಎದ್ದು ಕೈ ತೊಳೆದು, ಒರೆಸಿಕೊಂಡು ಬಂದ. ಬರುವಷ್ಟರಲ್ಲಿ ಕೈಗೆ ಒಂದು ಉಪಾಯ ಹೊಳೆದಿತ್ತು. ತಲೆಗಿಂತ ಮೊದಲು ಕೈಗೇ ಹೊಳೆದದ್ದು ಎಂದು ಅವನಿಗೆ ಆಮೇಲೂ ಅನಿಸಿತು. ಮುಂದೆ ಅಲ್ಲಗಳೆಯಬೇಕು ಎಂದುಕೊಂಡವರು ಹೇಗೆ ಸಹಿ ಹಾಕುತ್ತಾರೆಂದು ಜಗುಲಿಯ ಮೇಲೆ ಕೂತವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲ ಅಕ್ಷರವನ್ನು ಮೇಲಿನಿಂದ ಸುತ್ತುವ ಬದಲು ಕೆಳಗಿನಿಂದ ಸುತ್ತಿದ. ಉದ್ದಕ್ಕೆ ಎಳೆಯುವ ಬಾಲವನ್ನು ಗಿಡ್ಡ ಮಾಡಿದ. ಅಡಿಯಲ್ಲಿ ಇಡುವ ಎರಡು ಚುಕ್ಕೆಗಳನ್ನು ಇಡಲಿಲ್ಲ. ನೋಡಿದರೆ ಯಾರೋ ಅವನ ಸಹಿಯನ್ನು ದೂರದಿಂದ ಕಂಡು ನೆನಪಿನಿಂದ ಬಿಡಿಸಿದಂತಿತ್ತು. ಭಾವ ಅದನ್ನು ನೋಡಲೂ ಇಲ್ಲ. ಕಾಗದ ಮಡಚಿ ಜೇಬಿಗಿಟ್ಟು, “ಇನ್ನೊಂಚೂರು ಹಾಕೇ ನಿಮ್ಮಣ್ಣನಿಗೆ,” ಎಂದ.

ಆ ಉಪಾಯದಿಂದ ತನಗೆ ಎರಡು ಬಾಗಿಲು ತೆರೆದವು ಎಂದಷ್ಟೇ ಅವನು ಅಂದುಕೊಂಡಿದ್ದ. ಸಹಿ ತನ್ನದಲ್ಲ ಎಂದರೆ ಅದು ಬೇರೆ ಯಾರದೋ ಆಗಲೇಬೇಕು ಎಂಬುದು ಅವನಿಗೆ ಹೊಳೆದದ್ದು ನಿನ್ನೆ, ಲಾಯರು ಇಪ್ಪತ್ತೊಂದು ಎಂದ ಕ್ಷಣದಲ್ಲಿ. ಒಮ್ಮೆ ಒಂದು ವಿಭಾಗಪತ್ರದ ಮೊಕದ್ದಮೆಯಲ್ಲಿ ಅವನು ಸಾಕ್ಷಿಗೆ ನಿಂತಿದ್ದ. ಅಣ್ಣನೊಬ್ಬ ಸಹಿ ತನ್ನದಲ್ಲ, ತಮ್ಮನೇ ಹಾಕಿಕೊಂಡಿದ್ದಾನೆ ಎಂದಿದ್ದ. ನ್ಯಾಯಾಲಯದಲ್ಲಿ ಇವನು, “ನನ್ನ ಕಣ್ಣೆದುರೇ ಹಾಕಿದ್ದು ಸ್ವಾಮಿ, ಇವರದೇ,” ಎಂದ. ಆ ಅಣ್ಣ ಹೊರಗೆ ಬಂದು ಇವನ ಕಾಲ ಹತ್ತಿರ ಉಗುಳಿದ. ಒಡಹುಟ್ಟಿದವನನ್ನು ಕಳ್ಳನೆಂದು ಕರೆಯಲು ಈ ಮನುಷ್ಯನಿಗೆ ಮನಸ್ಸಾದರೂ ಹೇಗೆ ಬಂತು ಎಂದು ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದ, ಭಾವನೂ ಇದ್ದ. ಈಗ ಗೊತ್ತಾಗುತ್ತಿದೆ, ಮನಸ್ಸು ಬರಬೇಕಾಗಿಯೇ ಇಲ್ಲ. ಹೆದರಿಕೆ ಬಂದರೆ ಸಾಕು.

“ಬರಹಗಾರರು ಬರಬೇಕಂತೆ. ಡಾಕ್ಟ್ರೂ ಬರಬೇಕಂತೆ,” ಎಂದು ಕಚೇರಿಯ ಕಾರ್ಯದರ್ಶಿ ಬಂದು ಹೇಳಿದ. ಇಬ್ಬರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು, ಸೋಂಕಿನ ರೋಗಿಗೆ ಬಿಡುವಂತೆ. ಹಳೆಯ ಬ್ಯಾನರುಗಳನ್ನು ಸುತ್ತಿಟ್ಟಿದ್ದ ಸಣ್ಣ ಕೋಣೆ. ಮೇಜಿನ ಆಚೆ ಕೇಂದ್ರದಿಂದ ಬಂದ ವೀಕ್ಷಕಿ, ಎಪ್ಪತ್ತು ದಾಟಿದ ಸಣ್ಣ ಹೆಂಗಸು, ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ತಿನ್ನುತ್ತಿದ್ದರು. ಎಡಗಡೆಗೆ ಯಜಮಾನರು ಕಣ್ಣು ಮುಚ್ಚಿ ಕೂತಿದ್ದರು. ಬಲಗಡೆಗೆ ಲಾಯರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದರು. “ಕೂತ್ಕೊಳ್ಳಿ, ನೀರು ಬೇಕಾ?” ಎಂದರು ವೀಕ್ಷಕಿ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಅದು ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೆರಳಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಅವರು ಎರಡು ಹಾಳೆಗಳನ್ನು ಅವನ ಕಡೆಗೆ ತಿರುಗಿಸಿದರು. “ಎರಡೂ ಕಡೆ ಇರೋ ಹೆಸರು ನಿಮ್ಮದೊಂದೇ. ಇದು ನಿಮ್ಮ ಸಹಿನಾ?”

“ಹೌದಮ್ಮ.”

“ಇದು?”

ಅವನು ಬಗ್ಗಿ ನೋಡಿದ. ಅಷ್ಟು ಹೆದರಿಕೆಯ ನಡುವೆಯೂ, ಎಷ್ಟು ಚೆನ್ನಾಗಿ ಮಾಡಿದ್ದೇನೆ ಎಂದು ಒಂದು ಎಳೆ ಹೆಮ್ಮೆ ಹಾದುಹೋಯಿತು. ಆ ಹೆಮ್ಮೆಗೆ ಅವನು ಜೀವಮಾನವಿಡೀ ತನ್ನನ್ನು ಕ್ಷಮಿಸಿಕೊಳ್ಳಲಾರ. ಪಕ್ಕದಲ್ಲಿ ಭಾವನ ಮೊಣಕೈ ಅವನ ಮೊಣಕೈಗೆ ತಾಗುತ್ತಿತ್ತು. ಹೌದು ಎಂದರೆ ಏನಾಗುತ್ತದೆ? ಎರಡು ಕಡೆ ಸಹಿ ಹಾಕಿದವನು ಎಂದು ನಾಳೆ ಪತ್ರಿಕೆಯಲ್ಲಿ ಬರುತ್ತದೆ, ನಾಲ್ಕು ದಿನ ನಗುತ್ತಾರೆ, ಕ್ಷೇತ್ರದಲ್ಲಿ ಮುಖ ತೋರಿಸುವುದು ಕಷ್ಟವಾಗುತ್ತದೆ. ಅಷ್ಟೇ ಅಲ್ಲವೇ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ಆಗ ಯಜಮಾನರು ಕಣ್ಣು ತೆರೆದು ಅವನನ್ನು ನೋಡಿದರು. ಏನೂ ಕೇಳಲಿಲ್ಲ. ಹೇಗಿದ್ದೀರಿ ಎಂದು ಕೇಳಲಿಲ್ಲ.

“ಇದು ನನ್ನದಲ್ಲ,” ಎಂದ ಅವನು.

ಲಾಯರ ಪೆನ್ನಿನ ಮುಚ್ಚಳ ನಿಂತಿತು. “ಅವಸರ ಇಲ್ಲ. ಸರಿಯಾಗಿ ನೋಡಿ ಹೇಳಿ,” ಎಂದರು. ಅವನು ನೋಡುವಂತೆ ಮಾಡಿದ. ಒಮ್ಮೆ ಹೇಳಿದ ಮೇಲೆ ಮಾತು ಸಲೀಸಾಗಿ ಬಂತು, ನ್ಯಾಯಾಲಯದಲ್ಲಿ ಬರುತ್ತಿದ್ದ ಹಾಗೆ. “ನಾನು ಮೊದಲನೇ ಅಕ್ಷರ ಮೇಲಿಂದ ಸುತ್ತೀನಿ. ಇದನ್ನ ಕೆಳಗಿಂದ ಸುತ್ತಿದ್ದಾರೆ. ಬಾಲ ನೋಡಿ, ಗಿಡ್ಡ. ಕೆಳಗೆ ನಾನು ಎರಡು ಚುಕ್ಕೆ ಇಡ್ತೀನಿ, ಇಲ್ಲಿ ಇಲ್ಲ. ಹತ್ತೊಂಬತ್ತು ವರ್ಷದ ಪತ್ರಗಳಲ್ಲಿ ನನ್ನ ಸಹಿ ಇದೆ, ತರಿಸಿ ನೋಡ್ಬಹುದು.” ಯಾರೂ ಕೇಳದ ಪುರಾವೆಯನ್ನೂ ಒದಗಿಸುತ್ತಿದ್ದೇನೆ ಎಂದು ಅವನಿಗೇ ತಿಳಿಯುತ್ತಿತ್ತು, ಆದರೆ ನಿಲ್ಲಿಸಿದರೆ ಆ ಮೌನದಲ್ಲಿ ಭಾವ ಉಸಿರಾಡುವುದು ಕೇಳಿಸುತ್ತದಲ್ಲ ಎಂಬ ಭಯಕ್ಕೆ ಮಾತಾಡುತ್ತಲೇ ಇದ್ದ. ವೀಕ್ಷಕಿ ಕೈ ಎತ್ತಿದ ಮೇಲೆ ನಿಲ್ಲಿಸಿದ.

“ಡಾಕ್ಟ್ರೇ, ಈ ಸಹಿಗಳನ್ನ ಹಾಕಿಸಿಕೊಂಡು ಬಂದಿದ್ದು ನೀವು,” ಎಂದರು ಅವರು.

ಭಾವ ಪೂರ್ತಿ ಅವನ ಕಡೆಗೆ ತಿರುಗಿದ. ಸಿಟ್ಟು ಬರಬಹುದು, ಕಾಲರ್ ಹಿಡಿಯಬಹುದು ಎಂದು ಅವನ ಕುತ್ತಿಗೆ ತಾನಾಗಿಯೇ ಒಳಗೆ ಎಳೆದುಕೊಂಡಿತು. ಏನೂ ಆಗಲಿಲ್ಲ. ಕೊಟ್ಟಿಗೆಯಲ್ಲಿ ಏಳಲಾರದೆ ಬಿದ್ದ ದನದ ಎದುರು ಕುಕ್ಕರುಗಾಲಲ್ಲಿ ಕೂತು, ಮುಟ್ಟುವುದಕ್ಕೆ ಮುಂಚೆ ಸುಮ್ಮನೆ ಎಷ್ಟೋ ಹೊತ್ತು ನೋಡುತ್ತಿದ್ದನಲ್ಲ, ಹಾಗೆ ನೋಡಿದ. ಮೇಜಿನ ಕೆಳಗೆ ಬರಹಗಾರನ ಮೊಣಕಾಲು ಎಷ್ಟು ಕುಣಿಯುತ್ತಿತ್ತೆಂದರೆ ಚಹಾದ ಲೋಟ ಸಣ್ಣಗೆ ಟಿಣ್ ಟಿಣ್ ಎನ್ನುತ್ತಿತ್ತು. ಭಾವ ಆ ಲೋಟದ ಮೇಲೆ ಬೆರಳಿಟ್ಟು ಸದ್ದು ನಿಲ್ಲಿಸಿದ.

“ನಾನೇ ಹಾಕಿದ್ದು,” ಎಂದ. “ಒಂದು ಕಮ್ಮಿ ಬೀಳ್ತಿತ್ತು. ಹಾಕಿದೆ.”

ಲಾಯರು ಎದ್ದು ನಿಂತರು. ಏನೋ ಹೇಳಲು ಬಾಯಿ ತೆರೆದು, ಹೇಳಿಸಿಕೊಳ್ಳಲೂ ಭಾವ ಲಾಯಕ್ಕಲ್ಲ ಎಂಬಂತೆ ಮುಚ್ಚಿ ಹೊರಗೆ ಹೋದರು. ವೀಕ್ಷಕಿ ಇಪ್ಪತ್ತೊಂದನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದರು. “ಬರವಣಿಗೇಲಿ ಬೇಕಾಗುತ್ತಲ್ಲ,” ಎಂದರು, ಬಿಳಿ ಹಾಳೆಯೊಂದನ್ನು ಹುಡುಕುತ್ತ. “ನೀವು ಪತ್ರ ಬರೆಯೋರಂತಲ್ಲ, ನೀವೇ ಬರೆದುಬಿಡಿ. ಅವರು ಓದಿ ಸಹಿ ಮಾಡ್ಲಿ.” ಇದು ಶಿಕ್ಷೆಯೋ, ಬರೀ ಅನುಕೂಲವೋ ಅವನಿಗೆ ಗೊತ್ತಾಗಲಿಲ್ಲ. ಅವನು ಹಾಳೆ ಎಳೆದುಕೊಂಡ. ಅಂಚು ಬಿಟ್ಟ. ಅಭ್ಯಾಸದ ಪದಗಳು ಒಂದರ ಹಿಂದೊಂದು ತಾವಾಗಿ ಬಂದವು: ಈ ಮೂಲಕ ಬರೆದುಕೊಟ್ಟ ಒಪ್ಪಿಗೆ ಪತ್ರ ಏನೆಂದರೆ, ಸದರಿ ಪಟ್ಟಿಯ ಇಪ್ಪತ್ತೊಂದನೆಯ ಸಹಿಯನ್ನು ನಾನೇ ಮಾಡಿರುತ್ತೇನೆ, ಇದನ್ನು ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ, ಓದಿ ತಿಳಿದು ಒಪ್ಪಿ ಬರೆದುಕೊಟ್ಟಿರುತ್ತೇನೆ. ಅಕ್ಷರ ದುಂಡಗೆ ಬಿದ್ದಿತ್ತು. ಭಾವ ಓದಲಿಲ್ಲ, ಎಲ್ಲಿ ಎಂದು ಕೇಳಿದ. ಅವನು ಜಾಗ ತೋರಿಸಿದ. ಆಮೇಲೆ ವೀಕ್ಷಕಿ ಸಾಕ್ಷಿಯ ಜಾಗದಲ್ಲಿ ಅವನ ಸಹಿಯನ್ನೂ ಕೇಳಿದರು. ಹಾಕಿದ.

ಸಭೆ ಹತ್ತು ನಿಮಿಷವೂ ನಡೆಯಲಿಲ್ಲ. ಯಜಮಾನರ ಹೆಸರನ್ನು ಲಾಯರೇ ಸೂಚಿಸಿದರು, ಒಮ್ಮತದ ಆಯ್ಕೆ ಎಂದು ವೀಕ್ಷಕಿ ಓದಿದರು, ನಲವತ್ತು ಜನ ಚಪ್ಪಾಳೆ ತಟ್ಟಿದರು. ನಲವತ್ತೊಂದನೆಯವನಾದ ಭಾವ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ, ಸದಸ್ಯತ್ವದಿಂದ ಅಮಾನತಾಗಿ. ಒಳಗಿದ್ದ ಬರಹಗಾರನೂ ಚಪ್ಪಾಳೆ ತಟ್ಟಿದ, ಮೊದಲೇ ನಿಲ್ಲಿಸಿದರೆ ಯಾರಾದರೂ ನೋಡಿಯಾರೆಂದು ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಸಲ ತಟ್ಟಿದ. ಯಜಮಾನರು ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಬಂದು ಅವನೆದುರು ನಿಂತರು. ಹತ್ತಿರ ಬಗ್ಗಿ, ಮದುವೆಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ, “ಬರಹಗಾರರೇ, ನಿಮ್ಮ ಸಹಿ ಎರಡು ಥರಾನೂ ಚೆನ್ನಾಗಿದೆ,” ಎಂದರು. “ಮನೇಲಿ ಎಲ್ಲ ಕ್ಷೇಮವಾ? ಲಾಯರ ಕಡೆಯೋರು ಡಾಕ್ಟ್ರಿಗೆ ಕೊಟ್ಟಿದ್ದ ಕಾರು ವಾಪಸ್ ತಗೊಂಡುಹೋದ್ರಂತೆ ಪಾಪ. ನಮ್ಮ ಡ್ರೈವರ್ ಬಿಡ್ತಾನೆ ನಿಮ್ಮಿಬ್ಬರನ್ನ. ಒಳ್ಳೆ ಹುಷಾರಿ ಮನುಷ್ಯ, ದಾರೀಲಿ ಆದ ಮಾತೂ ಮರೆಯಲ್ಲ.”

ಮೆಟ್ಟಿಲಿಳಿಯುವಾಗ ಅವನು ಭಾವನ ತೋಳು ಹಿಡಿದ. ನಡುವಿನ ಮೆಟ್ಟಿಲ ತಿರುವಿನಲ್ಲಿ ಯಾರೂ ಇರಲಿಲ್ಲ. “ಯಾಕೋ ಹಾಗಂದೆ?” ಎಂದ. ಕೇಳಿದ ಮೇಲೆ, ಆ ಪ್ರಶ್ನೆ ಕೇಳುವ ಹಕ್ಕು ತನಗೆ ಎಲ್ಲಿಂದ ಬಂತು ಎಂದು ನಾಚಿಕೆಯಾಯಿತು.

“ನಿನ್ನ ಮುಖ ನೀನು ನೋಡ್ಕೊಂಡಿಲ್ಲ,” ಎಂದ ಭಾವ. “ಇನ್ನೆರಡು ನಿಮಿಷ ಕೇಳಿದ್ರೆ ಅಲ್ಲೇ ಬಿದ್ದುಹೋಗ್ತಿದ್ದೆ. ನಿಮ್ಮಪ್ಪನೂ ಹಾಗೇ ತಾನೇ ಹೋಗಿದ್ದು.” ಸ್ವಲ್ಪ ಹೊತ್ತು ಮೆಟ್ಟಿಲ ಕಂಬಿಯನ್ನು ಉಗುರಿನಿಂದ ಕೆರೆದ. “ನನಗೇನು, ಸಿರಿಂಜು ಹಿಡಿದು ಮತ್ತೆ ಹಳ್ಳಿ ಸುತ್ತಬಹುದು. ಹೊರಗಿನೋರು ಏನಾದ್ರೂ ಅಂದ್ಕೊಳ್ಳಲಿ. ಮಗಳಿಗೆ ಮಾತ್ರ ಕಷ್ಟ. ಹದಿನೈದು ವರ್ಷ ಅವಳಿಗೆ, ಸ್ಕೂಲಲ್ಲಿ ಆಡ್ಕೊಳ್ತಾರೆ. ನಾನು ಹೇಳಿದ್ರೆ ಅಪ್ಪ ತಾನು ಬಚಾವಾಗೋಕೆ ಹೇಳ್ತಾನೆ ಅಂದ್ಕೊಳ್ತಾಳೆ. ಸೋದರಮಾವ ನೀನು. ನಿಜ ಏನು ಅಂತ ನೀನೇ ಹೇಳು. ಅವಳಿಗೊಬ್ಬಳಿಗೆ.” “ಆಯ್ತು ಕಣೋ. ನಾನೇ ಹೇಳ್ತೀನಿ. ಖಂಡಿತ,” ಎಂದ ಅವನು. ಆ ಕ್ಷಣ ಅವನಿಗೆ ಆದ ಹಗುರ ಹೇಳತೀರದು. ತಪ್ಪಿಗೆ ಒಂದು ಅಳತೆ ಸಿಕ್ಕಿತ್ತು, ತೀರಿಸಲು ಆಗುವಂಥ ಅಳತೆ; ಒಂದು ಮಗುವಿಗೆ ಒಂದು ಮಾತು. ಭಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಕಾರು ದೊಡ್ಡದಾಗಿತ್ತು, ಒಳಗೆ ಹೊಸ ಚರ್ಮದ ವಾಸನೆ. ಡ್ರೈವರ್ ಐವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಕಾಲರಿನ ಮೇಲೆ ನೀಟಾಗಿ ಕತ್ತರಿಸಿದ ಕೂದಲು. ಬಾಗಿಲು ತೆರೆದು, ಮುಚ್ಚಿ, ಏನೂ ಕೇಳದೆ ಹೊರಟ. ಇಬ್ಬರ ಊರೂ ಅವನಿಗೆ ಗೊತ್ತಿತ್ತು. ನಗರದ ಕೊನೆಯ ಸಿಗ್ನಲ್ ದಾಟಿ, ಗೋದಾಮುಗಳೂ ಟೈರು ಅಂಗಡಿಗಳೂ ಮುಗಿದು, ಬಯಲು ಶುರುವಾಯಿತು. ಭಾವ ಕಿಟಕಿಯ ಹೊರಗೆ ಮೇಯುತ್ತಿದ್ದ ದನಗಳನ್ನು ನೋಡುತ್ತಿದ್ದ. ಅವನು ಡ್ರೈವರನ ಕುತ್ತಿಗೆಯನ್ನು ನೋಡುತ್ತಿದ್ದ. ಫೋನು ಬಡಿದುಕೊಂಡಾಗ ಎಷ್ಟು ಬೆಚ್ಚಿದನೆಂದರೆ ಅದು ತೊಡೆಯಿಂದ ಜಾರಿ ಕಾಲ ಹತ್ತಿರ ಬಿತ್ತು. ತಂಗಿ.

“ಅಣ್ಣ, ಟೀವಿಲಿ ಹೇಳ್ತಿದ್ದಾರೆ. ಇವ್ರು ನಿನ್ನ ಸಹಿ ಖೋಟಾ ಮಾಡಿದ್ರಂತೆ. ಇವ್ರ ಫೋನು ಸ್ವಿಚ್ ಆಫ್.” ಅವಳ ದನಿ ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು. ಅವನು ಅದನ್ನು ಕಿವಿಗೆ ಒತ್ತಿಕೊಂಡ. “ಮನೆಗೆ ಬಂದು ಮಾತಾಡ್ತೀನಮ್ಮ,” ಎಂದ.

“ಏನು ಮಾತಾಡ್ತೀಯ? ನಾನು ಅಲ್ಲೇ ನಿಂತಿದ್ನಲ್ಲ. ನಿನ್ನ ಕೈಯಾರೆ ಹಾಕಿದ್ದು ನೋಡಿದ್ನಲ್ಲ.” ಅವಳು ಅಳುತ್ತಿರಲಿಲ್ಲ. ಉಸಿರು ಎಳೆದುಕೊಂಡಳು. “ನನಗೇನೂ ಹೇಳ್ಬೇಡ. ಮಗಳು ರೂಮಿನ ಬಾಗಿಲು ಹಾಕ್ಕೊಂಡು ಕೂತಿದ್ಲು. ಎಷ್ಟು ಹೇಳಿದ್ರೂ, ನೀನು ಅಪ್ಪನ ಪರ ಮಾತಾಡ್ತೀಯ ಅಂತಾಳೆ. ಮಾವನ್ನ ಕೇಳ್ತೀನಿ ಅಂತಾಳೆ. ಫೋನು ಕೊಡ್ತೀನಿ. ಒಂದೇ ಮಾತು ಹೇಳಿಬಿಡು.”

“ಈಗ ಬೇಡ, ಈಗ…” ಎನ್ನುವಷ್ಟರಲ್ಲಿ ಫೋನು ಕೈ ಬದಲಾಗಿತ್ತು. ಮುಂದೆ ಡ್ರೈವರ್ ಕೈ ಚಾಚಿ, ಸಣ್ಣಗೆ ಹಾಡುತ್ತಿದ್ದ ರೇಡಿಯೊವನ್ನು ಆರಿಸಿದ. ಹಿಂದೆ ಕೂತವರು ಮಾತಾಡುವಾಗ ಯಾವ ಒಳ್ಳೆಯ ಡ್ರೈವರೂ ಮಾಡುವ ಕೆಲಸ. ಕಾರಿನೊಳಗೆ ಏಸಿಯ ಸದ್ದು ಬಿಟ್ಟರೆ ಏನೂ ಉಳಿಯಲಿಲ್ಲ.

“ಮಾವ,” ಎಂದಿತು ಮೂಗು ಕಟ್ಟಿದ ದನಿ. “ಅಪ್ಪ ಹಾಕಿದ್ರಾ ನಿಮ್ಮ ಸಹಿ?”

ಭಾವ ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ನೋಡಿದ. ಆ ನೋಟದಲ್ಲಿ ಒತ್ತಾಯವಿರಲಿಲ್ಲ, ನಂಬಿಕೆ ಇತ್ತು. ಮೆಟ್ಟಿಲ ಮೇಲೆ ಕೊಟ್ಟ ಮಾತು ಈಗ ಬರುತ್ತದೆ ಎಂದು ಆರಾಮಾಗಿ ಕಾಯುತ್ತಿದ್ದ. ಇಲ್ಲ ಪುಟ್ಟಿ, ನಾಲ್ಕೇ ಪದ, ಇಲ್ಲ ಪುಟ್ಟಿ, ನಾನೇ ಹಾಕಿದ್ದು. ಅವನು ನಾಲಿಗೆಯ ಮೇಲೆ ಅದನ್ನು ತಂದುಕೊಂಡೂ ಇದ್ದ. ಯಾರಿಗಾಗಿ ಮುಚ್ಚಿಡಬೇಕು? ಯಜಮಾನರಿಗೆ ಗೊತ್ತು, ತಂಗಿಗೆ ಗೊತ್ತು, ಪಕ್ಕದಲ್ಲಿ ಕೂತವನಿಗೆ ಗೊತ್ತು. ಗೊತ್ತಿಲ್ಲದೆ ಇದ್ದದ್ದು ಆ ಹುಡುಗಿಗೊಬ್ಬಳಿಗೆ. ಆದರೆ ಬಾಯಿಬಿಟ್ಟು ಹೇಳಿದ ಮಾತು ಬೇರೆ, ಗೊತ್ತಿರುವುದು ಬೇರೆ. ಹೇಳಿದ ಮಾತನ್ನು ಒಯ್ದು ಮೇಜಿನ ಮೇಲೆ ಇಡಬಹುದು, ಅದಕ್ಕೆ ಸಾಕ್ಷಿ ಇರುತ್ತದೆ. ಡ್ರೈವರನ ಕುತ್ತಿಗೆ ಅಲ್ಲಾಡಲಿಲ್ಲ. ಎಡಗಿವಿ ಮಾತ್ರ ಬೆಳಕು ಬಿದ್ದು ಕೆಂಪಗೆ ಕಾಣುತ್ತಿತ್ತು.

“ಮಾವ?”

“ಹೂಂ, ಪುಟ್ಟಿ,” ಎಂದ ಅವನು. “ಅಪ್ಪನೇ ಹಾಕಿದ್ದು.”

ಆ ಕಡೆ ಯಾವುದೋ ಬಾಗಿಲು ಮುಚ್ಚಿಕೊಂಡದ್ದು ಕೇಳಿತು. ಆಮೇಲೆ ತಂಗಿ, ಅಪರಿಚಿತರ ಹತ್ತಿರ ಮಾತಾಡುವಷ್ಟು ಮರ್ಯಾದೆಯಿಂದ, “ಫೋನು ಇವ್ರ ಕೈಗೆ ಕೊಡಿ,” ಎಂದಳು. ಹುಟ್ಟಿದಾಗಿನಿಂದ ಅವಳು ಅವನನ್ನು ಬಹುವಚನದಲ್ಲಿ ಕರೆದದ್ದಿಲ್ಲ. ಅವನು ಫೋನು ಚಾಚಿದ. ಭಾವ ತೆಗೆದುಕೊಂಡು ಬಹಳ ಹೊತ್ತು ಕೇಳಿಸಿಕೊಂಡ. “ಹೂಂ,” ಎಂದ. “ಬಾಗಿಲು ತಟ್ಟಬೇಡ, ಬಿಡು.” ಮತ್ತೆ ಕೇಳಿಸಿಕೊಂಡ. “ಇಲ್ಲ,” ಎಂದ. “ನಾನೊಬ್ಬನೇ ಬರ್ತೀನಿ.” ಫೋನನ್ನು ಇಬ್ಬರ ನಡುವಿನ ಸೀಟಿನ ಮೇಲೆ ಇಟ್ಟು, ಮತ್ತೆ ಕಿಟಕಿಯ ಕಡೆಗೆ ತಿರುಗಿದ.

ಇನ್ನೂ ಮೂರು ಗಂಟೆಯ ದಾರಿ ಇತ್ತು. ಡ್ರೈವರ್ ರೇಡಿಯೊ ಮತ್ತೆ ಹಾಕಿದ. ಅವನು ತೊಡೆಯ ಮೇಲೆ ಕೈ ಜೋಡಿಸಿ ಕೂತು, ತಾನು ಹೇಳಿದ ಮಾತು ಮುಂದಿನ ಸೀಟಿನವರೆಗೆ ಸ್ಪಷ್ಟವಾಗಿ ಕೇಳಿಸಿತ್ತೋ ಇಲ್ಲವೋ ಎಂದು ಯೋಚಿಸತೊಡಗಿದ.